ಎಲುಬಿಗೆ ಒಗ್ಗುವ ಲೋಹ

ಹೊಟ್ಟೆಪಾಡಿಗಾಗಿ ಮುಂಬಯಿಗೆ ಬಂದ ನಮ್ಮ ಹಿರಿಯರಿಗೆ ಊರಿನಿಂದ ಬರುತ್ತಿದ್ದ ಪತ್ರಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಇರುತ್ತಿತ್ತು: ‘ಅಲ್ಲಿಯ ನೀರು ಒಗ್ಗಿತೇ?’ ಪರಸ್ಥಳದ ನೀರಿನ ಬಗೆಗೇ ಇಷ್ಟು ಚಿಂತೆಯಾದರೆ, ಎಲುಬಿನೊಳಗೆ ವರ್ಷಗಟ್ಟಲೆ ನೆಲೆಸಬೇಕಾದ ಲೋಹದ ಬಗೆಗೆ ಎಷ್ಟು ಚಿಂತೆ ಬೇಡ? ವರ್ತಕ ನಗರದ ನಮ್ಮ ನೆರೆಹೊರೆಯಲ್ಲಿ ಬಚ್ಚಲಿನಲ್ಲಿ ಜಾರಿ ತೊಡೆಯೆಲುಬು ಮುರಿದುಕೊಂಡ ವೃದ್ಧರೂ, ಲೋಕಲ್ ಗಾಡಿಯ ನೂಕುನುಗ್ಗಲಿನಲ್ಲಿ ಬಿದ್ದ ತರುಣರೂ ಇಲ್ಲದಿಲ್ಲ. ‘ಸ್ಟೀಲ್ ಹಾಕಲೇ, ಟೈಟೇನಿಯಂ ಹಾಕಲೇ?’ ಎಂದು ವೈದ್ಯರು ಕೇಳಿದಾಗ ಮನೆಯವರು ಬೆಲೆಯನ್ನಷ್ಟೇ ವಿಚಾರಿಸುವುದು ರೂಢಿ. ಕೇಳಬೇಕಾದ ಮಾತು ಇನ್ನೂ ಇದೆ.

1950ರ ದಶಕದಲ್ಲಿ ಸ್ವೀಡನ್ನಿನ ವಿಜ್ಞಾನಿ ಬ್ರೋನೆಮಾರ್ಕ್ ರಕ್ತಸಂಚಾರವನ್ನು ಅಭ್ಯಸಿಸಲೆಂದು ಮೊಲದ ಕಾಲಿನ ಎಲುಬಿನಲ್ಲಿ ಟೈಟೇನಿಯಂ ಸಲಕರಣೆಯೊಂದನ್ನು ಇಟ್ಟರು. ಪ್ರಯೋಗ ಮುಗಿದ ಮೇಲೆ ತೆಗೆಯಹೋದರೆ ಅದು ಕದಲಲೇ ಇಲ್ಲ. ಎಲುಬು ಅದನ್ನು ತನ್ನದಾಗಿಸಿಕೊಂಡಿತ್ತು. 1965ರಲ್ಲಿ ಅವರು ಮನುಷ್ಯನ ದವಡೆಯಲ್ಲಿ ಟೈಟೇನಿಯಂ ತಿರುಪುಗಳನ್ನು ಕೂರಿಸಿದರು. ಗಾಳಿ ಸೋಕಿದೊಡನೆ ಈ ಲೋಹದ ಮೈಮೇಲೆ ಅತಿ ತೆಳುವಾದ ಆಕ್ಸೈಡ್ ಪೊರೆ ಮೂಡುತ್ತದೆ. ದೇಹದ ಉಪ್ಪುನೀರಿನಲ್ಲಿಯೂ ಲೋಹ ಕರಗದಂತೆ ಕಾಯುವುದು ಆ ಪೊರೆಯೇ. ಸ್ಟೀಲಿಗಿಂತ ಇದು ಹಗುರ. ಬಿಗುವೂ ಹೆಚ್ಚುಕಡಿಮೆ ಅರ್ಧದಷ್ಟು. ಆದುದರಿಂದ ಸ್ಟೀಲಿಗಿಂತ ಹೆಚ್ಚು ಭಾರ ಎಲುಬಿಗೆ ಉಳಿದು, ಅದು ಸವೆಯುವುದು ಕಡಿಮೆ.

ಆದರೆ ಬಳಕೆಯಲ್ಲಿರುವುದು ಶುದ್ಧ ಟೈಟೇನಿಯಂ ಮಾತ್ರವಲ್ಲ. ಶೇಕಡಾ 6 ಅಲ್ಯುಮಿನಿಯಂ, ಶೇಕಡಾ 4 ವೆನೇಡಿಯಂ ಬೆರೆತ ಮಿಶ್ರಲೋಹವೂ ಉಂಟು. ಕಾರ್ಖಾನೆಯ ಎಣ್ಣೆ, ಉಜ್ಜಿದ ಪುಡಿಗಳ ಅಂಶವೂ ಉಳಿದಿರಬಹುದು. ಆದುದರಿಂದಲೇ ಐಎಸ್‌ಒ 10993 ಎಂಬ ಅಂತರರಾಷ್ಟ್ರೀಯ ನಿಯಮಾವಳಿಯು ಸಿದ್ಧವಸ್ತುವನ್ನೇ ಪರೀಕ್ಷಿಸಬೇಕೆನ್ನುತ್ತದೆ. ಮೊದಲು ಅದನ್ನು 37 ಡಿಗ್ರಿ ಶಾಖದ ಪೋಷಕದ್ರವದಲ್ಲಿ ನೆನೆಸಿ, ಆ ದ್ರವವನ್ನು ಪ್ರಯೋಗಶಾಲೆಯಲ್ಲಿ ಬೆಳೆಸಿದ ಇಲಿಯ ಜೀವಕೋಶಗಳಿಗೆ ಉಣಿಸುತ್ತಾರೆ. ಬದುಕುಳಿದವು ಶೇಕಡಾ 70ಕ್ಕಿಂತ ಕಡಿಮೆಯಾದರೆ ವಿಷದ ಶಂಕೆ. ಬಳಿಕ ಗಿನಿಯಿಲಿಯ ಚರ್ಮದಲ್ಲಿ ಅಲರ್ಜಿಯ ಪರೀಕ್ಷೆ. ಮುಂದೆ ಮೊಲದಂಥ ಪ್ರಾಣಿಯ ಎಲುಬಿನಲ್ಲಿ ವಾರಗಟ್ಟಲೆ ಇರಿಸಿ, ಸುತ್ತ ಹೊಸ ಎಲುಬು ಬೆಳೆದಿದೆಯೇ, ಉರಿಯೂತವಿದೆಯೇ ಎಂದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯಲ್ಲಿ ಇಂಥ ಪರೀಕ್ಷೆಗಳು ನಡೆಯುತ್ತವೆ.

ಆದರೂ ವಾರಗಳ ಪರೀಕ್ಷೆ ವರ್ಷಗಳ ಸವೆತವನ್ನೆಲ್ಲ ಹೇಳಲಾರದು. ಲೋಹಕ್ಕೆ ಲೋಹ ಉಜ್ಜುವ, ಕೋಬಾಲ್ಟ್-ಕ್ರೋಮಿಯಂನ ಒಂದು ಬಗೆಯ ಸೊಂಟದ ಕೀಲನ್ನು 2010ರಲ್ಲಿ ಜಗತ್ತಿನಾದ್ಯಂತ ಹಿಂತೆಗೆದುಕೊಳ್ಳಬೇಕಾಯಿತು. ಸವೆದ ಕಣಗಳಿಂದ ರಕ್ತದಲ್ಲಿ ಕೋಬಾಲ್ಟ್ ಏರಿ, ಸುತ್ತಲಿನ ಮಾಂಸ ಕೆಟ್ಟು, ನಮ್ಮ ದೇಶದಲ್ಲಿಯೂ ಹಲವರು ಮತ್ತೆ ಶಸ್ತ್ರಕ್ರಿಯೆಗೆ ಒಳಗಾದರು. ವೈದ್ಯಕೀಯ ಸಾಧನಗಳಿಗೆಂದೇ ರೂಪಿಸಿದ ನಿಯಮಗಳು ಭಾರತದಲ್ಲಿ 2018ರ ಜನವರಿ 1ರಿಂದ ಜಾರಿಗೆ ಬಂದವು.

ವಾಚಕರು ಮಾಡಬೇಕಾದುದು ಇಷ್ಟೆ. ನಕಲಿ ಆಭರಣದಿಂದ ಮೈ ತುರಿಸುವವರು ಅದನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು. ಸ್ಟೀಲಿನಲ್ಲಿ ನಿಕಲ್ ಇರುತ್ತದೆ. ಶಸ್ತ್ರಕ್ರಿಯೆಯ ನಂತರ, ತಯಾರಕರ ಹೆಸರು ಮತ್ತು ಬ್ಯಾಚ್ ಸಂಖ್ಯೆಯುಳ್ಳ ಚೀಟಿಯನ್ನು ಕೇಳಿ ಪಡೆದು, ಮನೆಯ ದಸ್ತಾವೇಜುಗಳಂತೆ ಜೋಪಾನವಾಗಿಡಬೇಕು. ವರ್ಷಗಳ ಮೇಲೆ ನೋವು, ಬಾವು ಕಂಡರೆ ವಯಸ್ಸಿನ ಮೇಲೆ ತಪ್ಪು ಹೊರಿಸದೆ ವೈದ್ಯರ ಬಳಿಗೆ ಹೋಗಬೇಕು. ಒಗ್ಗಿತೇ ಎಂದು ಕೇಳುವುದು ನಮ್ಮವರ ಹಳೆಯ ವಾಡಿಕೆ. ಅದನ್ನು ಆಸ್ಪತ್ರೆಯಲ್ಲಿ ಬಿಡಬೇಕಾಗಿಲ್ಲ.