ಕುಲಾಂತರಿ ಹತ್ತಿಬೀಜವೂ ಸರ್ಕಾರದ ಕಾನೂನೂ
ಬೀಜದ ಪೊಟ್ಟಣ ಕೊಳ್ಳುವ ಮೊದಲು ತಿಳಿದಿರಬೇಕಾದ ಕೆಲವು ಸಂಗತಿಗಳು

ಒಕ್ಕಲುತನಕ್ಕೆ ಬೀಜವೇ ಮೂಲವೆಂಬುದನ್ನು ನಮ್ಮ ರೈತ ಬಾಂಧವರಿಗೆ ಹೇಳಿಕೊಡಬೇಕಾಗಿಲ್ಲ. ಹಿಂದೆ ಹತ್ತಿ ಬೆಳೆಯುವವನು ತನ್ನ ಹೊಲದ ಬೀಜವನ್ನೇ ಇಟ್ಟುಕೊಂಡು, ಸಗಣಿ ಮಣ್ಣಿನಲ್ಲಿ ತಿಕ್ಕಿ ಒಣಗಿಸಿ, ಮುಂದಿನ ವರ್ಷ ಬಿತ್ತುತ್ತಿದ್ದನು. ಈಗ ಹತ್ತಿಯ ಬೀಜ ಪೇಟೆಯಿಂದ ಪೊಟ್ಟಣದಲ್ಲಿ ಬರುತ್ತದೆ. ದೇಶದ ಹತ್ತಿ ಹೊಲಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಪಾಲು ಬಿ.ಟಿ. ಹತ್ತಿಯೇ ಆಗಿದೆ. ಆ ಪೊಟ್ಟಣಕ್ಕೆ ಅಪ್ಪಣೆ ಕೊಟ್ಟವರು ಯಾರು, ಅದರ ಬೆಲೆ ಕಟ್ಟುವವರು ಯಾರು, ಬೆಳೆ ಕೈಕೊಟ್ಟರೆ ಕೇಳಬೇಕಾದುದು ಯಾರನ್ನು ಎಂಬ ಮೂರು ಮಾತುಗಳನ್ನು ಹತ್ತಿ ಬಿತ್ತುವ ಪ್ರತಿಯೊಬ್ಬನೂ ಅರಿತಿರುವುದು ಅವಶ್ಯ. ಗಡಿಯಾಚೆಯ ನಮಗೆ ಇದು ಇನ್ನಷ್ಟು ಅವಶ್ಯ. ಏಕೆಂದರೆ ನಾವು ಒಂದು ರಾಜ್ಯದಲ್ಲಿ ಬೀಜ ಕೊಂಡು ಇನ್ನೊಂದು ರಾಜ್ಯದಲ್ಲಿ ಬಿತ್ತುವುದುಂಟು.

ಬಿ.ಟಿ. ಎಂದರೇನು?

ಮಣ್ಣಿನಲ್ಲಿ ಬ್ಯಾಸಿಲಸ್ ಥುರಿಂಜಿಯೆನ್ಸಿಸ್ ಎಂಬ ಒಂದು ಸೂಕ್ಷ್ಮಜೀವಿಯುಂಟು. ಅದರಲ್ಲಿ ಹುಟ್ಟುವ ಒಂದು ವಸ್ತು ಕಾಯಿಕೊರಕ ಹುಳುವಿನ ಹೊಟ್ಟೆಗೆ ವಿಷ. ಆ ವಸ್ತುವನ್ನು ಹುಟ್ಟಿಸುವ ವಂಶಗುಣವನ್ನು ತೆಗೆದು ಹತ್ತಿಗಿಡದಲ್ಲಿ ಸೇರಿಸಿದುದೇ ಬಿ.ಟಿ. ಹತ್ತಿ. ಎರಡು ಹತ್ತಿಗಳನ್ನು ಕೂಡಿಸಿ ತಳಿ ಎಬ್ಬಿಸುವುದು ಹಳೆಯ ವಿದ್ಯೆ; ಬೇರೊಂದು ಜೀವದ ಗುಣವನ್ನು ಗಿಡಕ್ಕೆ ತರುವುದು ಹೊಸ ವಿದ್ಯೆ. ಆದುದರಿಂದಲೇ ಇದಕ್ಕೆ ಪ್ರತ್ಯೇಕ ಕಾನೂನು ಬೇಕಾಯಿತು. ಜಿಗಿಹುಳು, ಬಿಳಿನೊಣ ಮುಂತಾದ ರಸ ಹೀರುವ ಕೀಟಗಳಿಗೆ ಈ ಗುಣ ತಾಗುವುದಿಲ್ಲವೆಂಬುದನ್ನೂ ನೆನಪಿಡಬೇಕು.

ಅಪ್ಪಣೆ ಕೊಡುವವರು

1986 ರ ಪರಿಸರ ಸಂರಕ್ಷಣಾ ಕಾಯದೆಯ ಕೆಳಗೆ ಕೇಂದ್ರ ಸರ್ಕಾರವು 1989 ರಲ್ಲಿ ನಿಯಮಗಳನ್ನು ಮಾಡಿತು. ಇವುಗಳ ಪ್ರಕಾರ ಯಾವ ಕುಲಾಂತರಿ ಬೆಳೆಯನ್ನೂ ದಿಲ್ಲಿಯ ಜಿ.ಇ.ಎ.ಸಿ. ಎಂಬ ಸಮಿತಿಯ ಒಪ್ಪಿಗೆಯಿಲ್ಲದೆ ರೈತರಿಗೆ ಮಾರುವಂತಿಲ್ಲ. ಅದೇ ನಿಯಮಗಳು ರಾಜ್ಯಕ್ಕೊಂದು ಸಮಿತಿಯನ್ನೂ, ಜಿಲ್ಲಾ ಕಲೆಕ್ಟರರ ಅಧ್ಯಕ್ಷತೆಯಲ್ಲಿ ಜಿಲ್ಲೆಗೊಂದು ಸಮಿತಿಯನ್ನೂ ಹೇಳುತ್ತವೆ. ಜಿಲ್ಲೆಯಲ್ಲಿ ಇಂಥ ಸಮಿತಿಯೊಂದು ಇರಬೇಕೆಂಬುದೇ ನಮ್ಮಲ್ಲಿ ಬಹಳ ಮಂದಿಗೆ ತಿಳಿಯದು.

1998 ರ ಕೊನೆಯಲ್ಲಿ ರಾಯಚೂರು ಜಿಲ್ಲೆಯಲ್ಲಿ ಪ್ರೊ. ಎಂ. ಡಿ. ನಂಜುಂಡಸ್ವಾಮಿಯವರ ನಾಯಕತ್ವದ ರೈತ ಸಂಘದವರು ಬಿ.ಟಿ. ಹತ್ತಿಯ ಪ್ರಯೋಗದ ಗಿಡಗಳನ್ನು ಕಿತ್ತು ಸುಟ್ಟರು. ಪ್ರಯೋಗದ ಸಂಗತಿಯನ್ನು ಜನರಿಗೆ ತಿಳಿಸಿಲ್ಲವೆಂಬುದು ಅವರ ಮುಖ್ಯ ಆಕ್ಷೇಪಗಳಲ್ಲೊಂದು. 2011 ರಿಂದ ಹೊಲದ ಪ್ರಯೋಗಕ್ಕೆ ಆಯಾ ರಾಜ್ಯ ಸರ್ಕಾರದ ಒಪ್ಪಿಗೆಯೂ ಬೇಕೆಂದಾಯಿತು.

ಬೀಜ ಮುಂದೆ, ಕಾನೂನು ಹಿಂದೆ

ಆದರೆ ಕಾಗದದ ಮೇಲಿನ ನಿಯಮ ಬೇರೆ, ಹೊಲದ ಮೇಲಿನ ನಡವಳಿಕೆ ಬೇರೆ. 2001 ರಲ್ಲಿ ಗುಜರಾತಿನಲ್ಲಿ ಕಾಯಿಕೊರಕ ವಿಪರೀತವಾಗಿ ಬಿದ್ದಾಗ ಒಂದು ತಳಿ ಮಾತ್ರ ಹುಳುವಿಗೆ ಜಗ್ಗದೆ ನಿಂತಿತು. ಪರೀಕ್ಷಿಸಿ ನೋಡಲಾಗಿ ಅದರಲ್ಲಿ ಅಪ್ಪಣೆಯಿಲ್ಲದ ಬಿ.ಟಿ. ಗುಣ ಕಂಡುಬಂದಿತು. ಬೆಳೆಯನ್ನು ನಾಶ ಮಾಡಬೇಕೆಂದು ದಿಲ್ಲಿಯಿಂದ ಆಜ್ಞೆ ಹೊರಟಿತು. ಅಷ್ಟರಲ್ಲಿ ಬಹಳಷ್ಟು ಹತ್ತಿ ಮಾರುಕಟ್ಟೆ ಸೇರಿತ್ತು. ರೈತರೂ ಎದುರು ನಿಂತರು. 2002 ರ ಮಾರ್ಚ್ 26 ರಂದು ಬೇರೆ ಕಂಪನಿಯ ಮೂರು ಬಿ.ಟಿ. ತಳಿಗಳಿಗೆ ಸರ್ಕಾರ ಅಪ್ಪಣೆ ಕೊಟ್ಟಿತು. ಎರಡು ಬಿ.ಟಿ. ಗುಣಗಳಿರುವ ಹತ್ತಿಗೆ 2006 ರಲ್ಲಿ ಅಪ್ಪಣೆ ದೊರೆಯಿತು.

ಬೆಲೆಯ ಕಥೆಯೂ ಹೀಗೆಯೇ. ಮೊದಲು 450 ಗ್ರಾಂ ಪೊಟ್ಟಣಕ್ಕೆ 1,600 ರೂಪಾಯಿಗಿಂತ ಹೆಚ್ಚು ಕೊಡಬೇಕಾಗಿತ್ತು. ಅದರಲ್ಲಿ ಬಹುಪಾಲು ಆ ಗುಣದ ಒಡೆತನವಿದ್ದ ಕಂಪನಿಗೆ ಹೋಗುತ್ತಿತ್ತು. 2006 ರಲ್ಲಿ ಆಂಧ್ರಪ್ರದೇಶ ಸರ್ಕಾರ ಇದನ್ನು ಪ್ರಶ್ನಿಸಿ, ದರವನ್ನು 750 ರೂಪಾಯಿಗೆ ಇಳಿಸಿತು. ಬೇರೆ ರಾಜ್ಯಗಳೂ ಅದೇ ದಾರಿ ಹಿಡಿದವು. 2015 ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರವೇ ದರ ನಿಯಂತ್ರಣದ ಆಜ್ಞೆ ಹೊರಡಿಸಿ, 2016 ರಲ್ಲಿ ಪೊಟ್ಟಣಕ್ಕೆ 800 ರೂಪಾಯಿ ಎಂದು ದೇಶಕ್ಕೆಲ್ಲ ಒಂದೇ ದರ ಗೊತ್ತುಮಾಡಿತು.

ಬಿಟ್ಟುಹೋದ ಬದಿಯ ಸಾಲುಗಳು

ಅಪ್ಪಣೆಯ ಜೊತೆಗೆ ಒಂದು ಷರತ್ತೂ ಇತ್ತು. ಹೊಲದ ಸುತ್ತ ಐದು ಸಾಲು, ಇಲ್ಲವೇ ಐದರಲ್ಲಿ ಒಂದು ಪಾಲು, ಯಾವುದು ಹೆಚ್ಚೋ ಅಷ್ಟು ಭೂಮಿಯಲ್ಲಿ ಬಿ.ಟಿ. ಅಲ್ಲದ ಹತ್ತಿ ಹಾಕಬೇಕು. ಅದಕ್ಕೆಂದೇ 120 ಗ್ರಾಮಿನ ಸಣ್ಣ ಪೊಟ್ಟಣವನ್ನು ಜೊತೆಗೆ ಕೊಡುತ್ತಿದ್ದರು. ಸಾದಾ ಗಿಡದಲ್ಲಿ ಬೆಳೆದ ಹುಳುವಿನ ಪತಂಗಗಳು, ಬಿ.ಟಿ. ಗಿಡದಲ್ಲಿ ಸಾಯದೆ ಉಳಿದ ಪತಂಗಗಳೊಡನೆ ಕೂಡಿದರೆ, ವಿಷಕ್ಕೆ ಜಗ್ಗದ ಜಾತಿ ಬೇಗ ಹೆಚ್ಚದು ಎಂಬುದು ಇದರ ತಾತ್ಪರ್ಯ.

ಆ ಸಣ್ಣ ಪೊಟ್ಟಣವನ್ನು ಬಹಳ ಮಂದಿ ಬದುವಿನ ಮೇಲೆ ಎಸೆದರು. ಹುಳುವಿಗೆ ಹೊಲ ಬಿಟ್ಟುಕೊಡುವುದೆಂದರೆ ಒಕ್ಕಲಿಗನಿಗೆ ಒಗ್ಗದ ಮಾತು. ಕಾರಣ ವಿವರಿಸಿ ಹೇಳಿದವರೂ ಕಡಿಮೆ. ಪರಿಣಾಮವನ್ನು ಎಲ್ಲರೂ ಉಣ್ಣಬೇಕಾಯಿತು. ಗುಲಾಬಿ ಕಾಯಿಕೊರಕವು ಮೊದಲ ಬಿ.ಟಿ. ಗುಣಕ್ಕೆ ಜಗ್ಗುತ್ತಿಲ್ಲವೆಂಬುದು 2009 ರ ಹಂಗಾಮಿನಲ್ಲಿ ಗುಜರಾತಿನಲ್ಲಿ ಕಂಡುಬಂದಿತು. ಕೆಲವೇ ವರ್ಷಗಳಲ್ಲಿ ಎರಡು ಗುಣಗಳ ಹತ್ತಿಯನ್ನೂ ಅದು ತಿನ್ನತೊಡಗಿತು; 2017 ರ ಹೊತ್ತಿಗೆ ಮಹಾರಾಷ್ಟ್ರ, ತೆಲಂಗಾಣಗಳ ಹತ್ತಿಯೂ ಕೆಟ್ಟಿತು. ಆ ಮೇಲೆ ಸಾದಾ ಬೀಜವನ್ನು ಅದೇ ಪೊಟ್ಟಣದಲ್ಲಿ ಬೆರೆಸಿ ಕೊಡುವ ಪದ್ಧತಿ ಬಂದಿತು. ನಿಯಮ ಮಾಡಿದರೆ ಸಾಲದು, ಅದರ ಕಾರಣವನ್ನು ರೈತನ ಮನೆಬಾಗಿಲಿಗೆ ಮುಟ್ಟಿಸಬೇಕು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಬದನೆಗೆ ತಡೆ, ಸಾಸಿವೆಗೆ ವ್ಯಾಜ್ಯ

ಹತ್ತಿಯ ನಂತರ ಸರದಿ ಬಂದುದು ಬದನೆಯದು. ಬಿ.ಟಿ. ಬದನೆಯನ್ನು ಸಿದ್ಧಪಡಿಸುವ ಕೆಲಸದಲ್ಲಿ ಧಾರವಾಡದ ಕೃಷಿ ವಿಶ್ವವಿದ್ಯಾಲಯವೂ ಕೂಡಿತ್ತು. 2009 ರ ಅಕ್ಟೋಬರಿನಲ್ಲಿ ಸಮಿತಿ ಒಪ್ಪಿದರೂ, ಆಗಿನ ಪರಿಸರ ಮಂತ್ರಿ ಜೈರಾಮ್ ರಮೇಶರು ಏಳು ನಗರಗಳಲ್ಲಿ ಜನರ ಅಭಿಪ್ರಾಯ ಕೇಳಿದರು. ಕೊನೆಯ ಸಭೆ ಬೆಂಗಳೂರಿನಲ್ಲಿ ನಡೆಯಿತು. 2010 ರ ಫೆಬ್ರವರಿ 9 ರಂದು ಬದನೆಗೆ ತಡೆ ಬಿದ್ದಿತು. ಕುಲಾಂತರಿ ಸಾಸಿವೆಗೆ 2022 ರಲ್ಲಿ ಅಪ್ಪಣೆಯಾಯಿತಾದರೂ, 2024 ರ ಜುಲೈ 23 ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಅದರ ಬಗ್ಗೆ ಭಿನ್ನ ತೀರ್ಪು ಕೊಟ್ಟರು. ದೇಶಕ್ಕೊಂದು ಸ್ಪಷ್ಟ ನೀತಿ ಬೇಕೆಂಬ ಮಾತಿನಲ್ಲಿ ಮಾತ್ರ ಇಬ್ಬರೂ ಒಂದಾದರು.

ಗುಟ್ಟಾಗಿ ಬರುವ ಬೀಜ

ಪ್ರಕೃತ ನಮ್ಮ ಹೊಲಗಳಿಗೆ ಹತ್ತಿರದ ಅಪಾಯ ಬೇರೊಂದಿದೆ. ಕಳೆನಾಶಕ ಹೊಡೆದರೂ ಸಾಯದ ಹತ್ತಿಯ ಬೀಜ ಗುಟ್ಟಾಗಿ ಮಾರಾಟವಾಗುತ್ತಿದೆ. ಇದಕ್ಕೆ ಸರ್ಕಾರದ ಅಪ್ಪಣೆಯಿಲ್ಲ. ಆದರೂ ಆಂಧ್ರ, ತೆಲಂಗಾಣ, ಮಹಾರಾಷ್ಟ್ರ, ಗುಜರಾತುಗಳ ಹತ್ತಿ ಭೂಮಿಯ ನೂರಕ್ಕೆ ಸುಮಾರು 15 ಪಾಲಿನಲ್ಲಿ ಇದು ಹಬ್ಬಿದೆಯೆಂದು 2017 ರಲ್ಲಿ ಕೇಂದ್ರವು ನೇಮಿಸಿದ ತನಿಖಾ ಸಮಿತಿ ಕಂಡುಕೊಂಡಿತು. 2019 ರ ಜೂನಿನಲ್ಲಿ ಮಹಾರಾಷ್ಟ್ರದ ಅಕೋಲಾ ಜಿಲ್ಲೆಯಲ್ಲಿ ಶೇತ್ಕರಿ ಸಂಘಟನೆಯವರು ಇದನ್ನು ಬಹಿರಂಗವಾಗಿಯೇ ಬಿತ್ತಿ ಸರ್ಕಾರಕ್ಕೆ ಸವಾಲು ಹಾಕಿದರು.

ರೈತರ ಕಷ್ಟ ನಮಗೆ ತಿಳಿಯದ್ದಲ್ಲ. ಮಳೆ ಹಿಡಿದಾಗ ಎಡೆಕುಂಟೆ ನಡೆಯದು. ಕಳೆ ತೆಗೆಯಲು ಆಳು ಸಿಕ್ಕದು. ಸಿಕ್ಕರೂ ಕೂಲಿ ಏರಿದೆ. ಕಡಿಮೆ ಖರ್ಚಿನ ದಾರಿ ಕಂಡಾಗ ಮನಸ್ಸು ಹರಿಯುವುದು ಸಹಜ. ಆದರೆ ಇಂಥ ಬೀಜಕ್ಕೆ ರಸೀದಿ ಇರುವುದಿಲ್ಲ. ಮೊಳೆಯದಿದ್ದರೆ, ಹೆಸರು ಒಂದಾಗಿ ಒಳಗಿನ ಬೀಜ ಇನ್ನೊಂದಾಗಿದ್ದರೆ, ಮಾರಿದವನು ಸಿಕ್ಕುವುದಿಲ್ಲ. ಹೊಡೆದ ಔಷಧಿ ಗಾಳಿಗೆ ಹಾರಿ ಪಕ್ಕದವರ ತೊಗರಿಯ ಮೇಲೆ ಬಿದ್ದರೆ ಅದು ಒಣಗುತ್ತದೆ. ಬದುವಿನ ಜಗಳ ಮನೆಗೆ ಬರುತ್ತದೆ. ಮೊದಲು ಈ ಅಪರಾಧಕ್ಕೆ ಐದು ವರ್ಷದವರೆಗೆ ಸೆರೆವಾಸವಿತ್ತು. 2023 ರ ತಿದ್ದುಪಡಿಯಿಂದ ಅದರ ಬದಲು ಹತ್ತು ಸಾವಿರದಿಂದ ಹದಿನೈದು ಲಕ್ಷ ರೂಪಾಯಿಯವರೆಗೆ ದಂಡ ಬಂದಿದೆ.

ರಸೀದಿಯೇ ರೈತನ ಬಲ

ಹಾಗಾದರೆ ರೈತನು ಮಾಡಬೇಕಾದುದೇನು?

ಮೊದಲನೆಯದಾಗಿ, ಬೀಜ ಕೊಂಡಾಗ ರಸೀದಿ ಕೇಳಿ ಪಡೆಯಬೇಕು. 1983 ರ ಬೀಜ ನಿಯಂತ್ರಣ ಆಜ್ಞೆಯಂತೆ ಅದನ್ನು ಕೊಡುವುದು ಅಂಗಡಿಕಾರನ ಕರ್ತವ್ಯ. ತಳಿಯ ಹೆಸರು, ಲಾಟ್ ಸಂಖ್ಯೆ, ಅವಧಿ ಇವನ್ನು ಪೊಟ್ಟಣದೊಡನೆ ಹೋಲಿಸಿ ನೋಡಬೇಕು. ಅಕ್ಷರ ತೆಲುಗೋ ಮರಾಠಿಯೋ ಇಂಗ್ಲಿಷೋ ಆಗಿದ್ದರೆ ಶಾಲೆ ಕಲಿತ ಮಕ್ಕಳಿಂದ ಓದಿಸಿಕೊಳ್ಳಬೇಕು. ಖಾಲಿ ಪೊಟ್ಟಣವನ್ನು ಹತ್ತಿ ಮಾರುವವರೆಗೆ ಜೋಪಾನವಾಗಿಡಬೇಕು.

ಎರಡನೆಯದಾಗಿ, ಬೀಜ ಕೈಕೊಟ್ಟರೆ ಸುಮ್ಮನಿರಬೇಕಾಗಿಲ್ಲ. ರೈತನೂ ಗ್ರಾಹಕನೇ, ಕೆಟ್ಟ ಬೀಜಕ್ಕೆ ಗ್ರಾಹಕರ ನ್ಯಾಯಾಲಯದಲ್ಲಿ ಪರಿಹಾರ ಕೇಳಬಹುದು ಎಂದು ಸುಪ್ರೀಂ ಕೋರ್ಟು 2012 ರಲ್ಲಿ ತೀರ್ಮಾನಿಸಿದೆ. ಆ ಮೊಕದ್ದಮೆ ಆಂಧ್ರದ ರೈತರದೇ. 2019 ರ ಗ್ರಾಹಕ ಸಂರಕ್ಷಣಾ ಕಾಯದೆ ಬಂದ ಮೇಲೆ, ಕೊಂಡವನು ತಾನು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು. ಅಕ್ಕಲಕೋಟೆಯವರು ಕಲಬುರಗಿಯಲ್ಲಿ ಬೀಜ ಕೊಂಡಿದ್ದರೂ ಸೊಲ್ಲಾಪುರದಲ್ಲಿ ಕೇಳಬಹುದು. ರಾಯದುರ್ಗದವರು ಬಳ್ಳಾರಿಯಲ್ಲಿ ಕೊಂಡಿದ್ದರೂ ಅನಂತಪುರದಲ್ಲಿ ಕೇಳಬಹುದು.

ಮೂರನೆಯದಾಗಿ, ಡಿಸೆಂಬರ್ ಜನವರಿಯೊಳಗೆ ಹತ್ತಿಯನ್ನು ಮುಗಿಸಿ, ಕಟ್ಟಿಗೆಯನ್ನು ಹೊಲದಲ್ಲಿ ನಿಲ್ಲಿಸದೆ ತೆಗೆದುಬಿಡಬೇಕು. ಗುಲಾಬಿ ಹುಳುವಿಗೆ ಮುಂದಿನ ವರ್ಷದ ಆಸರೆ ತಪ್ಪುವುದು ಇದರಿಂದಲೇ.

ಕುಲಾಂತರಿ ಬೆಳೆ ಬೇಕೋ ಬೇಡವೋ ಎಂಬ ಚರ್ಚೆ ದೊಡ್ಡದು. ಅದು ಇನ್ನೂ ನಡೆಯಲಿದೆ. ಬೇಕೆನ್ನುವವರಿಗೂ ಬೇಡವೆನ್ನುವವರಿಗೂ ಒಂದು ಮಾತು ಸಮಾನ. ತೀರ್ಮಾನ ತಡವಾದಷ್ಟೂ ಗುಟ್ಟಿನ ಬೀಜ ಹೊಲ ಸೇರುತ್ತದೆ, ಅದರ ನಷ್ಟ ರೈತನ ತಲೆಯ ಮೇಲೆಯೇ ಬೀಳುತ್ತದೆ. ಸರ್ಕಾರಗಳು ಬೇಗ ತೀರ್ಮಾನಿಸಲಿ, ತೀರ್ಮಾನಿಸಿದುದನ್ನು ಹಳ್ಳಿಯ ಭಾಷೆಯಲ್ಲಿ ತಿಳಿಸಲಿ ಎಂದು ನಾವು ಒತ್ತಾಯಿಸುತ್ತೇವೆ. ಅಲ್ಲಿಯವರೆಗೆ ನಮ್ಮ ರೈತ ಬಾಂಧವರು ರಸೀದಿಯಿಲ್ಲದ ಬೀಜವನ್ನು ಮನೆಯೊಳಗೆ ತರದಿರಲಿ.