ಕೂಡ್ಲಿಗಿಯ ಬಂಡೆಗಳಲ್ಲಿ ಶಂಖವೇಕಿಲ್ಲ?

ಹಡಗಲಿ, ಹರಪನಹಳ್ಳಿಗಳ ಕೆಲವು ಹಳೆಯ ಮನೆಗಳಲ್ಲಿ ದೇವರ ಪೆಟ್ಟಿಗೆಯೊಳಗೆ ಸಾಲಿಗ್ರಾಮವಿರುತ್ತದೆ. ಆ ಕರಿಯ ಕಲ್ಲಿನ ಸುರುಳಿಯು ಅಮ್ಮೊನೈಟ್ ಎಂಬ ಕಡಲಜೀವಿಯ ಚಿಪ್ಪಿನ ಅಚ್ಚು. ಸುಮಾರು 15 ಕೋಟಿ ವರ್ಷಗಳ ಹಿಂದೆ ಸಮುದ್ರತಳದ ಕೆಸರಿನಲ್ಲಿ ಹೂತು ಕಲ್ಲಾದುದು. ವಜ್ರಕೀಟವು ಕೊರೆದ ಕಲ್ಲೆಂದು ನಂಬಿದ ಹಿರಿಯರೂ ಅದರಲ್ಲಿ ಜೀವಿಯೊಂದರ ಗುರುತನ್ನೇ ಕಂಡಿದ್ದರೆಂಬುದು ಸ್ವಾರಸ್ಯಕರ. ಆದರೆ ಈ ಕಲ್ಲು ಬಂದುದು ನೇಪಾಳದ ಗಂಡಕೀ ನದಿಯಿಂದ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿಗಳ ಬಂಡೆಗಳನ್ನು ಎಷ್ಟು ಒಡೆದರೂ ಅಂಥ ಚಿಪ್ಪೊಂದೂ ದೊರೆಯದು. ಕಾರಣವೇನು?

ಈ ಸೀಮೆಯ ನೆಲದಲ್ಲಿ ಬಹುಪಾಲು ಗ್ರಾನೈಟ್ ಮತ್ತು ನೈಸ್ ಶಿಲೆಗಳೇ ಇವೆ. ಭೂಗರ್ಭದ ಕುದಿಯುವ ದ್ರವವು ಆರಿ ಹುಟ್ಟಿದ ಗ್ರಾನೈಟಿನಲ್ಲಿ ಪಳೆಯುಳಿಕೆಯ ಮಾತೇ ಇಲ್ಲ. ಆದರೆ ಕೂಡ್ಲಿಗಿಯ ನೆರೆಯ ಸಂಡೂರು ಬೆಟ್ಟಗಳ ಕಥೆ ಬೇರೆ. ಅಲ್ಲಿನ ಕಬ್ಬಿಣ, ಮ್ಯಾಂಗನೀಸ್ ಪದರಗಳು ಪ್ರಾಚೀನ ಕಡಲೊಂದರ ತಳದಲ್ಲಿ ಸಂಚಯವಾದವು. ಕಡಲಿದ್ದಿತು, ಆದರೂ ಶಂಖವಿಲ್ಲ, ಚಿಪ್ಪಿಲ್ಲ, ಮೀನಿನ ಮುಳ್ಳಿಲ್ಲ. ಅಲ್ಲಿನ ಸುಣ್ಣಯುಕ್ತ ಶಿಲೆಗಳಲ್ಲಿ ಕಾಣುವುದು ಸ್ಟ್ರೊಮಾಟೊಲೈಟ್ ಮಾತ್ರ. ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಆಳವಿಲ್ಲದ ನೀರಿನಲ್ಲಿ ಲೋಳೆಯ ಹಾಸುಗಳಾಗಿ ಬೆಳೆದು, ಕೆಸರಿನ ಕಣಗಳನ್ನು ಹಿಡಿದು, ಪದರದ ಮೇಲೆ ಪದರವಾಗಿ ಕಟ್ಟಿದ ರಚನೆಯಿದು. 1984ರಲ್ಲಿ ಇದರ ವರ್ಣನೆ ಪ್ರಕಟವಾಯಿತು.

ಇದರ ವಯಸ್ಸು ತಿಳಿದುದು ಹೇಗೆ? ಭೌತಶಾಸ್ತ್ರವನ್ನು ಕಲಿಸುವ ನಮಗೆ ಅಕ್ಕರೆಯ ವಿಷಯವಿದು. ಜ್ವಾಲಾಮುಖಿಯ ಶಿಲೆಗಳಲ್ಲಿರುವ ಜಿರ್ಕಾನ್ ಹರಳುಗಳಲ್ಲಿ ಯುರೇನಿಯಂ ಅಡಗಿರುತ್ತದೆ. ಯುರೇನಿಯಂ-238ರ ಅರ್ಧಭಾಗವು ಸೀಸವಾಗಿ ಮಾರ್ಪಡಲು ಸುಮಾರು 447 ಕೋಟಿ ವರ್ಷ ಬೇಕು. ಶಾಖಕ್ಕಾಗಲಿ ಒತ್ತಡಕ್ಕಾಗಲಿ ಈ ಗಡಿಯಾರ ತನ್ನ ನಡೆಯನ್ನು ಬದಲಿಸದು. ಸೀಸಕ್ಕೂ ಯುರೇನಿಯಮಿಗೂ ಇರುವ ಪ್ರಮಾಣವನ್ನು ಅಳೆದಾಗ ಸಂಡೂರಿನ ಶಿಲೆಗಳ ವಯಸ್ಸು ಸುಮಾರು 260-270 ಕೋಟಿ ವರ್ಷವೆಂದು ತಿಳಿಯುತ್ತದೆ. ಚಿಪ್ಪುಳ್ಳ ಪ್ರಾಣಿಗಳು ಹೇರಳವಾಗಿ ಕಾಣತೊಡಗುವುದಾದರೋ ಕೇವಲ 54 ಕೋಟಿ ವರ್ಷಗಳ ಈಚಿನ ಶಿಲೆಗಳಲ್ಲಿ.

ಚಿಪ್ಪುಗಳನ್ನು ನೋಡಬೇಕೆಂದರೆ ತಮಿಳುನಾಡಿನ ಅರಿಯಲೂರಿಗೆ ಹೋಗಬೇಕು. ಅಲ್ಲಿನ ಕೆಳಪದರಗಳ ಅಮ್ಮೊನೈಟ್ ಜಾತಿಗಳು ಮೇಲಿನ ಪದರಗಳಲ್ಲಿ ಮರೆಯಾಗಿ, ಅವುಗಳ ಸ್ಥಾನದಲ್ಲಿ ಬೇರೆ ಜಾತಿಗಳು ಕಾಣಿಸಿಕೊಳ್ಳುತ್ತವೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಆ ಕುಲವೇ ಅಳಿಯಿತು.

ವಿಕಾಸವಾದಕ್ಕೆ ಆಧಾರವಾಗಿರುವುದು ಈ ಅನುಕ್ರಮವೇ. ಎಲ್ಲ ಜೀವಿಗಳೂ ಒಮ್ಮೆಗೇ ಹುಟ್ಟಿದ್ದರೆ, ಸಂಡೂರಿನ ಕಡಲಪದರದಲ್ಲಿಯೂ ಶಂಖಗಳು ಸಿಕ್ಕಬೇಕಾಗಿತ್ತು. ಆ ಪದರದೊಳಗೆ ಕಲ್ಲಾಗಿ ಬೆರೆತ ಒಂದೇ ಒಂದು ಶಂಖ ದೊರೆತರೂ ನಾವು ಪಾಠದಲ್ಲಿ ಹೇಳುವ ಜೀವವಿಕಾಸದ ಕಾಲಕ್ರಮವು ತಲೆಕೆಳಗಾದೀತು. ಈವರೆಗೆ ದೊರೆತಿಲ್ಲ.

ಹಾಗಾದರೆ ಸ್ಟ್ರೊಮಾಟೊಲೈಟುಗಳು ಪೂರ್ಣವಾಗಿ ಅಳಿದವೆ? ಇಲ್ಲ. ಆಸ್ಟ್ರೇಲಿಯದ ಪಶ್ಚಿಮ ತೀರದ ಶಾರ್ಕ್ ಕೊಲ್ಲಿಯಲ್ಲಿ ಅವು ಇಂದಿಗೂ ಬೆಳೆಯುತ್ತಿವೆ. ಅಲ್ಲಿನ ನೀರು ಸಾಮಾನ್ಯ ಕಡಲಿಗಿಂತ ಸುಮಾರು ಇಮ್ಮಡಿ ಉಪ್ಪು. ಆ ಲೋಳೆಹಾಸನ್ನು ಮೇಯುವ ಬಸವನಹುಳುಗಳಿಗೆ ಅಲ್ಲಿ ಬಾಳುವೆ ಕಷ್ಟ.