ಟಿವಿಯಲ್ಲಿ ‘ನೋ ಸಿಗ್ನಲ್’: ರಿಪೇರಿಯವರನ್ನ ಕರೆಯೋ ಮುಂಚೆ ಮೆನು ಒತ್ತಿ ನೋಡಿ

ಮಳೆಗಾಲ ಬಂತೆಂದರೆ ಟಿವಿ ರಿಪೇರಿಯವರಿಗೆ ಫೋನ್ ಮೇಲೆ ಫೋನ್. ಎಷ್ಟೋ ಸಲ ಹೋಗಿ ನೋಡಿದ್ರೆ ಕೆಟ್ಟಿರೋದು ಏನೂ ಇರಲ್ಲ. ಜೋರು ಮಳೆಗೆ ಡಿಶ್ ಸಿಗ್ನಲ್ ಹೋಗಿರುತ್ತೆ, ಇಲ್ಲಾ ಮಕ್ಕಳು ಸೋರ್ಸ್ ಬಟನ್ ಒತ್ತಿರುತ್ತಾರೆ. ಬಂದವರ ಚಾರ್ಜ್ ಮಾತ್ರ ಕೊಡಲೇಬೇಕು.

ಹಳೇ ಅನಲಾಗ್ ಕೇಬಲ್‌ನಲ್ಲಿ ಸಿಗ್ನಲ್ ಕಮ್ಮಿಯಾದರೂ ಚುಕ್ಕಿಗಳ ನಡುವೆ ಚಿತ್ರ ಕಾಣುತ್ತಿತ್ತು. ಹಳ್ಳಿಗಳಲ್ಲೂ ಅದನ್ನು ನಿಲ್ಲಿಸಲು 2017ರ ಮಾರ್ಚ್ 31 ಗಡುವಾಗಿತ್ತು. ಡಿಜಿಟಲ್‌ನಲ್ಲಿ ಚಿತ್ರ ಚೌಕ ಚೌಕವಾಗಿ ಒಡೆದು ಒಮ್ಮೆಲೇ ಮಾಯ.

ಆಗ ಸೆಟ್‌ಟಾಪ್ ಬಾಕ್ಸ್ ರಿಮೋಟ್‌ನಲ್ಲಿ ಮೆನು ಒತ್ತಿ. ಮೆನು ಕಂಡರೆ ಟಿವಿ ಸರಿಯಿದೆ, ತೊಂದರೆ ಡಿಶ್ ಅಥವಾ ಕೇಬಲ್ ಕಡೆಯದು. ಮಳೆಯಿದ್ದರೆ ನಿಲ್ಲೋವರೆಗೆ ಕಾಯಿರಿ. ಕಾಣದಿದ್ದರೆ ಬಾಕ್ಸ್ ಲೈಟ್ ಉರೀತಿದೆಯಾ ನೋಡಿ, ಟಿವಿ ರಿಮೋಟ್‌ನ ಸೋರ್ಸ್ ಒತ್ತಿ, ಬಾಕ್ಸ್ ವೈರ್ ಚುಚ್ಚಿರುವ ಎಚ್‌ಡಿಎಂಐ ಅಥವಾ ಎವಿ ಆರಿಸಿ. ಅದಕ್ಕೂ ಬರದಿದ್ದರೆ ಫೋನ್ ಮಾಡಿ.